ಮಳೆಗಾಲದಲ್ಲಿ ಬೆವರುವ ಶೀತಲ ಘಟಕ

(ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರಿಗೆ ಮುಂಗಾರಿಗೆ ಮೊದಲು ನೀಡಿದ ಉಪನ್ಯಾಸ)



ಡಾಕ್ಟರು ಬಂದರೆಂದರೆ ಕೆಚ್ಚಲು ಬಾವಿನ ಬಗ್ಗೆಯೋ, ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆಯೋ ಹೇಳುತ್ತಾರೆಂದು ತಾವು ಕುಳಿತಿದ್ದೀರಿ. ಇಂದು ಅವೆರಡನ್ನೂ ಬದಿಗಿಟ್ಟು ಬಲ್ಕ್ ಕೂಲರಿನ ಪ್ಯಾನೆಲ್ ಬೋರ್ಡಿನ ಬಗ್ಗೆ ಮಾತನಾಡುತ್ತೇನೆ. ದನದ ಡಾಕ್ಟರಿಗೆ ವಿದ್ಯುತ್ತಿನ ಉಸಾಬರಿ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಎರಡು. ಹಸುವಿಗೆ ಒಳ್ಳೆಯ ಮೇವು ಹಾಕಿ, ಕೆಚ್ಚಲು ತೊಳೆದು, ಶುದ್ಧವಾಗಿ ಕರೆದು ತಂದ ಹಾಲು ಸಂಘದ ಕೂಲರ್ ನಿಂತು ರಾತ್ರಿ ಕಳೆಯುವುದರೊಳಗೆ ಹುಳಿಯಾದರೆ ನಾನು ಹೇಳಿಕೊಟ್ಟದ್ದೆಲ್ಲ ನೀರುಪಾಲು. ಎರಡನೆಯದು, ಕರೆಂಟು ಹೊಡೆದು ಸತ್ತ ದನದ ಮರಣೋತ್ತರ ಪರೀಕ್ಷೆಗೆ ಬರಬೇಕಾದವರು ನಾವೇ. ಮಳೆಗಾಲದಲ್ಲಿ ಆ ಕೆಲಸ ಹೆಚ್ಚು.

ಪ್ರತಿ ವರ್ಷ ಆರಿದ್ರಾ, ಪುನರ್ವಸು ಮಳೆ ಹಿಡಿದ ಮೇಲೆ ಸಂಘಗಳಿಂದ ಒಂದೇ ಬಗೆಯ ದೂರು ಬರುತ್ತದೆ. "ಪ್ಯಾನೆಲ್ ಒಳಗೆ ನೀರು ನಿಂತಿದೆ, ಕಂಪ್ರೆಸರ್ ಟ್ರಿಪ್ ಆಗುತ್ತಿದೆ. ಮಾಡು ಎಲ್ಲೋ ಸೋರುತ್ತಿದೆ" ಎನ್ನುತ್ತಾರೆ. ಹುಡುಗರನ್ನು ಹತ್ತಿಸಿ ಹೆಂಚು ಸರಿ ಮಾಡಿಸುತ್ತಾರೆ, ಶೀಟಿನ ಬೋಲ್ಟಿಗೆಲ್ಲ ಟಾರು ಬಳಿಸುತ್ತಾರೆ. ಮರುದಿನ ನೋಡಿದರೆ ನೀರು ಅಲ್ಲಿಯೇ ಇರುತ್ತದೆ. ಬಂಧುಗಳೇ, ಆ ನೀರು ಮಾಡಿನಿಂದ ಬಂದದ್ದಲ್ಲ, ಗಾಳಿಯಿಂದ ಬಂದದ್ದು. ಇದೊಂದು ಮಾತು ಮನಸ್ಸಿಗೆ ಹಿಡಿದರೆ ಉಳಿದದ್ದೆಲ್ಲ ತಾನಾಗಿಯೇ ತಿಳಿಯುತ್ತದೆ.

ಸ್ಟೀಲ್ ಲೋಟಕ್ಕೆ ಫ್ರಿಜ್ಜಿನ ನೀರು ಹಾಕಿ ಮೇಜಿನ ಮೇಲಿಟ್ಟರೆ ಐದು ನಿಮಿಷದಲ್ಲಿ ಲೋಟದ ಹೊರಮೈ ಒದ್ದೆಯಾಗುತ್ತದೆ. ಲೋಟ ಸೋರಿಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆ ಹಿಡಿಯುವ ಮೊದಲು ಕೆಂಪು ಗಾರೆಯ ನೆಲ ಬೆವರುವುದನ್ನು ತಾವು ನೋಡಿದ್ದೀರಿ. "ನೆಲ ಬೆವರ್ತಾ ಇದೆ, ಮಳೆ ಹತ್ತಿರ ಬಂತು" ಎಂದು ಹಿರಿಯರು ಹೇಳುತ್ತಿದ್ದರು. ಹಿಂದಿನ ದಿನಗಳ ತಂಪನ್ನು ಹಿಡಿದಿಟ್ಟುಕೊಂಡ ನೆಲದ ಮೇಲೆ ಸಮುದ್ರದ ಕಡೆಯಿಂದ ಬಂದ ಬೆಚ್ಚನೆಯ ಒದ್ದೆ ಗಾಳಿ ಹಾಯುತ್ತದೆ. ಆ ಗಾಳಿಯಲ್ಲಿದ್ದ ನೀರಿನ ಆವಿ ನೆಲ ಮುಟ್ಟಿ ಹನಿಯಾಗುತ್ತದೆ. ಹಿರಿಯರ ಮಾತಿನಲ್ಲಿ ಸುಳ್ಳಿರಲಿಲ್ಲ.

ಗಾಳಿ ಎಷ್ಟು ನೀರು ಹೊರುತ್ತದೆ ಎಂಬುದನ್ನು ಹಾಲಿನ ಲೆಕ್ಕದಲ್ಲಿಯೇ ಹೇಳುತ್ತೇನೆ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆ ಇದೆ ಎನ್ನಿ. ಜುಲೈ ತಿಂಗಳಲ್ಲಿ ಒಳಗಿನ ಉಷ್ಣಾಂಶ 26 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 90 ಇದ್ದರೆ ಆ ಕೋಣೆಯ ಗಾಳಿಯಲ್ಲಿ ಕಣ್ಣಿಗೆ ಕಾಣದಂತೆ ಸುಮಾರು ಮುಕ್ಕಾಲು ಲೀಟರ್ ನೀರಿರುತ್ತದೆ. ಅದೇ ಗಾಳಿಯನ್ನು 4 ಡಿಗ್ರಿಗೆ ತಂಪು ಮಾಡಿದರೆ ಅದು ಹೊರಬಲ್ಲದ್ದು ಕಾಲು ಲೀಟರಿಗೂ ಕಡಿಮೆ. ಉಳಿದ ಅರ್ಧ ಲೀಟರ್ ಎಲ್ಲಾದರೂ ಇಳಿಯಲೇಬೇಕು. ಎಲ್ಲಿ ತಂಪು ಸಿಗುತ್ತದೆಯೋ ಅಲ್ಲಿ ಇಳಿಯುತ್ತದೆ. ಬಾಗಿಲ ಸಂದಿಯಿಂದ ಹೊಸ ಗಾಳಿ ಒಳಗೆ ಬರುತ್ತಲೇ ಇರುವುದರಿಂದ ಈ ಇಳಿತಕ್ಕೆ ಕೊನೆಯೆಂಬುದಿಲ್ಲ.

ಎಷ್ಟು ತಣ್ಣಗಾದರೆ ಹನಿ ಕಟ್ಟಲು ಶುರುವಾಗುತ್ತದೆಯೋ ಆ ಉಷ್ಣಾಂಶಕ್ಕೆ ಇಬ್ಬನಿ ಬಿಂದು ಎಂದು ಹೆಸರು. ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ಗಡಿಯಾರದಂತೆ ಗೋಡೆಗೆ ತೂಗುಹಾಕುವ, ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ತೋರಿಸುವ ಸಣ್ಣ ಮಾಪಕ ಸಾಕು. ನೂರರಿಂದ ತೇವಾಂಶವನ್ನು ಕಳೆಯಿರಿ, ಬಂದದ್ದನ್ನು ಐದರಿಂದ ಭಾಗಿಸಿ, ಅದನ್ನು ಉಷ್ಣಾಂಶದಿಂದ ಕಳೆಯಿರಿ. 26 ಡಿಗ್ರಿ, ಶೇ. 90 ಇದ್ದಾಗ ನೂರಕ್ಕೆ ಕೊರತೆ ಹತ್ತು, ಐದರಿಂದ ಭಾಗಿಸಿದರೆ ಎರಡು, 26ರಿಂದ ಕಳೆದರೆ 24. ಅಂದರೆ ಆ ದಿನ 24 ಡಿಗ್ರಿಗಿಂತ ತಣ್ಣಗಿರುವ ಪ್ರತಿಯೊಂದು ವಸ್ತುವೂ ಬೆವರುತ್ತದೆ. ತೇವಾಂಶ ಶೇ. 50ಕ್ಕಿಂತ ಮೇಲಿದ್ದಾಗ ಮಾತ್ರ ಈ ಲೆಕ್ಕ ಸರಿ ಬರುತ್ತದೆ. ನಮ್ಮ ಮಳೆಗಾಲಕ್ಕೆ ಅಷ್ಟು ಸಾಕು. ಮಾರ್ಚಿಯ ಮಧ್ಯಾಹ್ನ 34 ಡಿಗ್ರಿ ಬಿಸಿಲಿದ್ದು ತೇವಾಂಶ ಶೇ. 30 ಇರುವಾಗ ಇಬ್ಬನಿ ಬಿಂದು ಸುಮಾರು 14 ಡಿಗ್ರಿಗೆ ಇಳಿದಿರುತ್ತದೆ. ಆದ್ದರಿಂದಲೇ ಬೇಸಿಗೆಯಲ್ಲಿ ಒಣಗಿದ್ದ ಯಂತ್ರ ಮಳೆಗಾಲದಲ್ಲಿ ಸೋರಿದಂತೆ ಕಾಣುತ್ತದೆ. ಯಂತ್ರ ಬದಲಾಗಿಲ್ಲ, ಗಾಳಿ ಬದಲಾಗಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಈ ತೊಂದರೆ ಹೆಚ್ಚು ದಿನ, ಭದ್ರಾವತಿಯ ಬಯಲು ಭಾಗದವರಿಗೆ ಕಡಿಮೆ ದಿನ ಎಂಬುದಷ್ಟೇ ವ್ಯತ್ಯಾಸ.

ಈಗ ಕೂಲರಿಗೆ ಬರೋಣ. ಹಾಲಿನ ಟ್ಯಾಂಕಿನ ಹೊರಮೈ ಸಾಮಾನ್ಯವಾಗಿ ಬೆವರುವುದಿಲ್ಲ. ಎರಡು ಸ್ಟೀಲ್ ಗೋಡೆಗಳ ನಡುವೆ ಶಾಖ ತಡೆಯುವ ನೊರೆ ತುಂಬಿರುತ್ತಾರೆ. ಬೆವರುವುದು ಟ್ಯಾಂಕಿನಿಂದ ಕಂಪ್ರೆಸರಿಗೆ ಮರಳುವ ತಾಮ್ರದ ದಪ್ಪ ಕೊಳವೆ. ತಂಪು ಅನಿಲ ಅದರಲ್ಲಿ ಹಿಂದಿರುಗುತ್ತದೆ. ಕೂಲರುಗಳಲ್ಲಿ ಬರುವ ಮುಚ್ಚಿದ ಕಂಪ್ರೆಸರುಗಳಲ್ಲಿ ಮೋಟಾರು ಒಳಗೇ ಇದ್ದು, ಹಿಂದಿರುಗುವ ಆ ತಂಪು ಅನಿಲವೇ ಮೋಟಾರಿನ ಸುರುಳಿಯನ್ನು ತಂಪಾಗಿಡುತ್ತದೆ. ಆದ್ದರಿಂದ ಕೊಳವೆ ಸೇರುವ ಜಾಗದಲ್ಲಿ ಕಂಪ್ರೆಸರಿನ ಮೈಯೂ ತಣ್ಣಗಿರುತ್ತದೆ. ಮೂರು ತಂತಿಗಳು ಬಂದು ಸೇರುವ ಟರ್ಮಿನಲ್ ಡಬ್ಬಿ ಅನೇಕ ಕಂಪ್ರೆಸರುಗಳಲ್ಲಿ ಅದರ ಹತ್ತಿರವೇ ಇರುತ್ತದೆ. ಕೊಳವೆಯ ಮೇಲಿನ ಕಪ್ಪು ರಬ್ಬರ್ ಹೊದಿಕೆಯನ್ನು ಇಲಿ ಕಡಿದು ಹಾಕಿದ್ದರೆ ಅಲ್ಲಿಂದ ತೊಟ್ಟಿಕ್ಕುವ ನೀರು ಜಾರಿ ನೇರವಾಗಿ ಈ ಡಬ್ಬಿಯ ಮೇಲೆ ಬೀಳುತ್ತದೆ. ಟ್ಯಾಂಕಿನ ಮೇಲೆ ಹಾಲು ಕಲಕುವ ಸಣ್ಣ ಮೋಟಾರಿನ ಕಥೆಯೂ ಹೀಗೆಯೇ. ಅದರ ದಂಡ ತಣ್ಣನೆಯ ಹಾಲಿನಲ್ಲಿ ಮುಳುಗಿರುವುದರಿಂದ ಮೋಟಾರಿನ ಬುಡ ತಣ್ಣಗಾಗಿ ಬೆವರುತ್ತದೆ.

ಆದರೆ ಪ್ಯಾನೆಲ್ ಬೋರ್ಡ್ ತಂಪು ಕೊಳವೆಯಿಂದ ದೂರವಿದ್ದರೂ ಏಕೆ ಒದ್ದೆಯಾಗುತ್ತದೆ? ಇದಕ್ಕೆ ಉತ್ತರ ನಾನು ಕಂಡ ಒಂದು ಸಂಘದಲ್ಲಿದೆ. ಭದ್ರಾವತಿ ತಾಲ್ಲೂಕಿನ ಸಂಘ, ಹೆಸರು ಬೇಡ. ಒಂದೇ ಮಳೆಗಾಲದಲ್ಲಿ ಮೂರು ಸಲ ಕಾಂಟ್ಯಾಕ್ಟರ್ ಬದಲಾಯಿಸಿದ್ದರು. ವೋಲ್ಟೇಜ್ ಸರಿಯಿಲ್ಲವೆಂದು ಸ್ಟೆಬಿಲೈಸರನ್ನೂ ತಂದಿದ್ದರು. ಆದರೂ ಸಂಜೆ ಹಾಲು ಬರುವ ಹೊತ್ತಿಗೆ ಸರಿಯಾಗಿ ಟ್ರಿಪ್ ಆಗುತ್ತಿತ್ತು. ಒಂದು ರಾತ್ರಿಯ ಹಾಲು ಪೂರ್ತಿ ಹುಳಿಯಾಗಿ, ಉತ್ಪಾದಕರಿಗೆ ಹಣ ಕೊಡುವುದೋ ಬಿಡುವುದೋ ಎಂದು ಆಡಳಿತ ಮಂಡಳಿಯಲ್ಲಿ ಜಗಳವೇ ಆಯಿತು. ನಾನು ಹೋದದ್ದು ಬೇರೆ ಕೆಲಸಕ್ಕೆ. ಬೆಳಿಗ್ಗೆ ಟ್ಯಾಂಕರ್ ಹಾಲು ತುಂಬಿಕೊಂಡು ಹೋದ ಮೇಲೆ ಸಹಾಯಕ ಹಂಡೆಯ ಬಿಸಿನೀರು ತಂದು ಟ್ಯಾಂಕು ತೊಳೆದ. ಇರಚಲು ಹೊಡೆಯುತ್ತದೆಂದು ಕಿಟಕಿ, ಬಾಗಿಲು ಎರಡೂ ಹಾಕಿತ್ತು. ಎದುರಿಗಿದ್ದವರ ಮುಖ ಕಾಣದಷ್ಟು ಹಬೆ. ತೊಳೆದು ಮುಗಿಸಿ, ದೀಪ ಆರಿಸಿ, ಬೀಗ ಹಾಕಿಕೊಂಡು ಮನೆಗೆ ಹೊರಟ.

ಆ ಹಬೆ ಎಲ್ಲಿಗೆ ಹೋಗಬೇಕು? ಅಂಥ ಕೋಣೆಯಲ್ಲಿ ಇಬ್ಬನಿ ಬಿಂದು 30 ಡಿಗ್ರಿಯನ್ನೂ ದಾಟುತ್ತದೆ. ಆಗ ತಂಪು ಕೊಳವೆಯೇ ಬೇಕೆಂದಿಲ್ಲ, ಮಳೆಯಲ್ಲಿ ನೆನೆದ ಹೊರಗೋಡೆಗೆ ಒತ್ತಿ ಕೂರಿಸಿದ ಪ್ಯಾನೆಲ್ಲಿನ ತಗಡೂ ಸಾಕು. ಹಗಲೆಲ್ಲ ಯಂತ್ರ ನಿಂತಿದ್ದು ಪ್ಯಾನೆಲ್ ತಣ್ಣಗಾಗಿರುತ್ತದೆ. ಒಳಗಿನ ಗಾಳಿ ಕುಗ್ಗಿ, ಸಂದುಗಳಿಂದ ಹೊರಗಿನ ಹಬೆಯನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ಸಂಜೆ ಸ್ವಿಚ್ ಹಾಕಿದಾಗ ಕಾಂಟ್ಯಾಕ್ಟರಿನ ಮೇಲೆ ನೀರಿನ ಹನಿಗಳು ಕಾದು ಕುಳಿತಿರುತ್ತವೆ. ಆ ಸಂಘದವರು ಪ್ಯಾನೆಲನ್ನು ಪಕ್ಕದ ಪರೀಕ್ಷಾ ಕೊಠಡಿಯ ಒಳಗೋಡೆಗೆ ಬದಲಾಯಿಸಿ, ತೊಳೆಯುವ ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು. ಮರುವರ್ಷದ ಮಳೆಗಾಲದಲ್ಲಿ ಕಾಂಟ್ಯಾಕ್ಟರ್ ಕೊಳ್ಳಬೇಕಾಗಲಿಲ್ಲ.

ಡಬ್ಬಿ ಉಸಿರಾಡುತ್ತದೆ ಎಂಬ ಮಾತು ವಿಚಿತ್ರವೆನಿಸಿದರೆ ನಿಮ್ಮೂರ ಟಿ.ಸಿ.ಯನ್ನು ದೂರದಿಂದ ನೋಡಿ. ಟ್ರಾನ್ಸ್‌ಫಾರ್ಮರಿನ ಒಳಗೆ ಎಣ್ಣೆ ತುಂಬಿರುತ್ತದೆ, ಅದರ ಸುರುಳಿಗಳನ್ನು ತಂಪು ಮಾಡುವುದು ಆ ಎಣ್ಣೆಯೇ. ಬಿಸಿಯಾದಾಗ ಎಣ್ಣೆ ಹಿಗ್ಗಿ ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ, ತಣ್ಣಗಾದಾಗ ಕುಗ್ಗಿ ಒಳಕ್ಕೆ ಎಳೆಯುತ್ತದೆ. ಒಳಕ್ಕೆ ಬರುವ ಗಾಳಿಯ ತೇವ ಎಣ್ಣೆಗೆ ಸೇರದಿರಲೆಂದು ಟಿ.ಸಿ.ಯ ಪಕ್ಕದಲ್ಲಿ ಒಂದು ಗಾಜಿನ ಡಬ್ಬಿ ಇಟ್ಟು, ಅದರಲ್ಲಿ ಸಿಲಿಕಾ ಜೆಲ್ ಎಂಬ ನೀಲಿ ಹರಳುಗಳನ್ನು ತುಂಬಿರುತ್ತಾರೆ. ತೇವ ಹೀರಿದಷ್ಟೂ ನೀಲಿ ಹೋಗಿ ತಿಳಿಗೆಂಪಾಗುತ್ತದೆ. ಈಚಿನವುಗಳಲ್ಲಿ ಕಿತ್ತಳೆ ಹರಳು ಹಸಿರಾಗುತ್ತದೆ. ನಿಮ್ಮೂರ ಟಿ.ಸಿ.ಯ ಹರಳೆಲ್ಲ ಬಣ್ಣ ಕೆಟ್ಟು ನಿಂತಿದ್ದರೆ ಮೆಸ್ಕಾಂ ಕಚೇರಿಗೆ ಒಂದು ಅರ್ಜಿ ಕೊಡಿ. ತಾವೇ ಹತ್ತಿ ಮುಟ್ಟಲು ಹೋಗಬೇಡಿ.

ದ್ರವದಿಂದ ತಂಪಾಗುವ ವಿದ್ಯುತ್ ಯಂತ್ರಗಳ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿಯೇ ಇದ್ದೀರಿ. ಶಿವಮೊಗ್ಗ, ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಈಗ ಕೆಲಸಕ್ಕೆ ಹೋಗುವ ಹುಡುಗರೂ ಇದ್ದಾರೆ. ಇಂಡಕ್ಷನ್ ಫರ್ನೇಸಿನ ಸುರುಳಿಯೆಂದರೆ ಟೊಳ್ಳಾದ ತಾಮ್ರದ ಕೊಳವೆ. ಗೋಡೆಯಲ್ಲಿ ಕರೆಂಟು, ಒಳಗೆ ನೀರು ಹರಿಯುತ್ತದೆ. ಅದಕ್ಕೆ ಕರೆಂಟು ಕೊಡುವ ಪ್ಯಾನೆಲ್ಲಿನ ಒಳಗೂ ನೀರಿನ ಕೊಳವೆಗಳಿರುತ್ತವೆ. ಅಲ್ಲಿನ ಅನುಭವಸ್ಥರು ಹೇಳುವುದು ಒಂದೇ, ನೀರು ಬೇಕಾದಷ್ಟು ಮಾತ್ರ ತಣ್ಣಗಿರಲಿ, ಬೇಕಾದದ್ದಕ್ಕಿಂತ ತಣ್ಣಗೆ ಬೇಡ. ಇಬ್ಬನಿ ಬಿಂದುವಿಗಿಂತ ಎರಡು ಮೂರು ಡಿಗ್ರಿಯಾದರೂ ಬೆಚ್ಚಗಿರಬೇಕು.

ಕೂಲಿಂಗ್ ಟವರಿನ ನೀರಿಗೆ ಈ ಗುಣ ತಾನಾಗಿಯೇ ಬರುತ್ತದೆ. ಮಣ್ಣಿನ ಹೂಜಿಯ ನೀರು ಮಾರ್ಚಿಯಲ್ಲಿ ಚೆನ್ನಾಗಿ ತಣ್ಣಗಾಗುತ್ತದೆ, ಜುಲೈಯಲ್ಲಿ ಆಗುವುದಿಲ್ಲ ಅಲ್ಲವೇ? ಗಾಳಿಯಲ್ಲಿ ಆಗಲೇ ನೀರು ತುಂಬಿರುವಾಗ ಹೂಜಿಯ ನೀರು ಆವಿಯಾಗುವುದೆಲ್ಲಿಗೆ? ಟವರಿನ ನೀರೂ ಹಾಗೆಯೇ. ಗಾಳಿ ಎಷ್ಟು ಒದ್ದೆಯೋ ಅಷ್ಟು ಬೆಚ್ಚಗಿನ ನೀರನ್ನು ಕೊಡುತ್ತದೆ, ಆ ಹೊತ್ತಿನ ಇಬ್ಬನಿ ಬಿಂದುವಿಗಿಂತ ಕೆಳಕ್ಕೆ ಇಳಿಯುವುದಿಲ್ಲ. ಅದೇ ಯಂತ್ರಕ್ಕೆ "ಇನ್ನೂ ತಂಪು ಬರಲಿ" ಎಂದು ಚಿಲ್ಲರ್ ನೀರನ್ನೋ, ಆಳದ ತಣ್ಣನೆಯ ನೀರನ್ನೋ ಜೋಡಿಸಿದ ದಿನ ಬೆವರು ಶುರುವಾಗುತ್ತದೆ. ಯಂತ್ರ ನಿಂತು ಬಿಸಿಯೆಲ್ಲ ಆರಿದ ಮೇಲೂ ತಣ್ಣೀರು ಹರಿಯುತ್ತಲೇ ಇದ್ದರೂ ಹಾಗೆಯೇ ಆಗುತ್ತದೆ.

ನಮ್ಮ ಕೂಲರಿನಲ್ಲಿ ಈ ಸೌಕರ್ಯವಿಲ್ಲ. ಹಾಲು 4 ಡಿಗ್ರಿಗೆ ಇಳಿಯಲೇಬೇಕು, ಬೆಚ್ಚಗಿರಲಿ ಎಂದು ಬಿಡುವಂತಿಲ್ಲ. ಆದ್ದರಿಂದ ತಂಪು ಇರಬೇಕಾದ ಕಡೆ ಗಾಳಿ ಮುಟ್ಟದಂತೆ ಹೊದಿಸಬೇಕು, ಕರೆಂಟು ಇರುವ ಕಡೆ ಬೆಚ್ಚಗಿಡಬೇಕು, ಹಬೆಯನ್ನು ಹೊರಕ್ಕೆ ಹಾಕಬೇಕು. ನಮ್ಮಿಂದ ಆಗುವುದು ಇವೇ.

ಹೊದಿಕೆಯ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ಕೊಳವೆಗೆ ಗೋಣಿಚೀಲ, ಹಳೆಯ ಸೀರೆ, ಹಗ್ಗ ಸುತ್ತುವುದರಿಂದ ಉಪಕಾರವಿಲ್ಲ, ಅಪಕಾರವಿದೆ. ಆವಿ ಬಟ್ಟೆಯೊಳಕ್ಕೆ ನುಗ್ಗಿ ಕೊಳವೆ ಮುಟ್ಟಿ ನೀರಾಗುತ್ತದೆ. ಬಟ್ಟೆ ಆ ನೀರನ್ನು ಹಿಡಿದಿಟ್ಟುಕೊಂಡು ಇಡೀ ದಿನ ತೊಟ್ಟಿಕ್ಕುತ್ತದೆ, ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ, ಬೂಷ್ಟು ಬೆಳೆಯುತ್ತದೆ. ಬೇಕಾದದ್ದು ಆವಿ ಒಳಹೋಗದ, ಮುಚ್ಚಿದ ಗುಳ್ಳೆಗಳ ರಬ್ಬರ್ ಕೊಳವೆ. ಬಯಲುಸೀಮೆಗೆ ಸಾಕಾಗುವ 9 ಅಥವಾ 13 ಮಿಲಿಮೀಟರ್ ದಪ್ಪ ನಮ್ಮ ಜುಲೈ ತಿಂಗಳಿಗೆ ಸಾಲದು. 19ರಿಂದ 25 ಮಿಲಿಮೀಟರ್ ದಪ್ಪದ್ದನ್ನೇ ಕೇಳಿ ಹಾಕಿಸಿ. ಜೋಡಿಸಿದ ಕಡೆಯೆಲ್ಲ ಅಂಟು ಹಾಕಿ ಟೇಪ್ ಸುತ್ತಿರಬೇಕು. ಒಂದು ಬೆರಳಗಲ ಸಂದಿ ಬಿಟ್ಟರೂ ಆವಿ ಅಲ್ಲಿಂದ ನುಗ್ಗಿ ಉದ್ದಕ್ಕೂ ಹರಡುತ್ತದೆ.

ಪ್ಯಾನೆಲ್ಲಿಗೆ ಪ್ಲಾಸ್ಟಿಕ್ ಚೀಲ ಮುಚ್ಚಿ ಹಗ್ಗ ಕಟ್ಟುವುದು ಇನ್ನೊಂದು ರೂಢಿ. ಮೇಲಿನಿಂದ ಬೀಳುವ ಹನಿಗೆ ಅದು ಸರಿಯೇ. ಆದರೆ ಗಾಳಿಯ ತೇವ ಒಳಗೆ ಸಿಕ್ಕಿಕೊಂಡರೆ ಆರುವ ದಾರಿಯೇ ಇಲ್ಲದಂತಾಗುತ್ತದೆ. ಒದ್ದೆಯಾದ ಮೇಕೆಮರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಬದುಕೀತೇ? ಟೇಬಲ್ ಫ್ಯಾನ್ ತಂದು ಬೆವರುವ ಕೊಳವೆಯ ಮೇಲೆ ಬಿಡುವವರೂ ಇದ್ದಾರೆ. ಹೊರಗಿನ ಒದ್ದೆ ಗಾಳಿಯನ್ನು ತಂಪು ಕೊಳವೆಯ ಮೇಲೆ ಬೀಸಿದಷ್ಟೂ ಹೆಚ್ಚು ನೀರು ಇಳಿಯುತ್ತದೆ. ಫ್ಯಾನಿನ ಕೆಲಸ ತೊಳೆಯುವಾಗಿನ ಹಬೆಯನ್ನು ಕೋಣೆಯಿಂದ ಹೊರಕ್ಕೆ ನೂಕುವುದು. ತೊಳೆಯಲು ಶುರು ಮಾಡುವ ಮೊದಲೇ ಅದನ್ನು ಹಾಕಿ, ನೆಲ ಆರುವವರೆಗೆ ನಡೆಯಲಿ. ಇರಚಲು ಬೀಳದ ಕಡೆಯ ಕಿಟಕಿಯೊಂದು ತೆರೆದಿರಲಿ, ಇಲ್ಲದಿದ್ದರೆ ಫ್ಯಾನಿಗೆ ಎಳೆಯಲು ಗಾಳಿಯೇ ಇರುವುದಿಲ್ಲ.

ಪ್ಯಾನೆಲ್ ಬೆಚ್ಚಗಿಡುವುದು ಬಹಳ ಅಗ್ಗದ ಉಪಾಯ. ಹೊರಗೆ 26 ಡಿಗ್ರಿ, ಶೇ. 90 ತೇವ ಇರುವಾಗ ಡಬ್ಬಿಯೊಳಗೆ ಐದೇ ಡಿಗ್ರಿ ಹೆಚ್ಚು ಬೆಚ್ಚಗಿದ್ದರೆ ಒಳಗಿನ ತೇವಾಂಶ ಶೇ. 70ಕ್ಕಿಂತ ಕೆಳಗೆ ಬರುತ್ತದೆ. ನೀರು ಅಷ್ಟೇ ಇದೆ, ಆದರೆ ಹನಿ ಕಟ್ಟುವುದಿಲ್ಲ. ಹಿಂದೆ ಇದಕ್ಕಾಗಿ ಪ್ಯಾನೆಲ್ಲಿನೊಳಗೆ 40 ವ್ಯಾಟಿನ ಬಲ್ಬು ಉರಿಸುತ್ತಿದ್ದರು. ಬಲ್ಬು ತಂತಿಗೆ ತಗುಲಿ ಹೊದಿಕೆ ಕರಗುವ ಭಯವಿದ್ದುದರಿಂದ ಅದನ್ನು ಈಗ ಹೇಳುವುದಿಲ್ಲ. ಪ್ಯಾನೆಲ್ಲಿಗೆಂದೇ ಬರುವ ಸ್ಪೇಸ್ ಹೀಟರನ್ನು ಥರ್ಮೋಸ್ಟಾಟ್ ಸಮೇತ ತಂತ್ರಜ್ಞರಿಂದ ಹಾಕಿಸಿ. ಅದಕ್ಕೆ ಪ್ರತ್ಯೇಕ ತಂತಿ ಇರಬೇಕು, ಏಕೆಂದರೆ ಯಂತ್ರ ನಿಂತಿರುವಾಗಲೇ ಅದರ ಅಗತ್ಯ ಹೆಚ್ಚು. ಕರೆಂಟು ಹೋಗಿ ನಾಲ್ಕಾರು ಗಂಟೆಯ ಮೇಲೆ ಬಂದರೆ ಮೊದಲು ಹೀಟರಿಗೆ ಸ್ವಲ್ಪ ಹೊತ್ತು ಕೊಟ್ಟು ಆಮೇಲೆ ಕಂಪ್ರೆಸರ್ ಹಾಕಿ. ಹಾಲು ಬಂದು ನಿಂತಿರುವಾಗ ಕಾಯಲು ಮನಸ್ಸಾಗುವುದಿಲ್ಲ, ನನಗೆ ಗೊತ್ತು. ಹಾಲು ಬರುವ ಮೊದಲೇ ಅರ್ಧ ಗಂಟೆ ಮುಂಚೆ ಬಂದು ನೋಡಿಕೊಳ್ಳುವುದು ಇದಕ್ಕೆ ಪರಿಹಾರ.

ತಂತಿಗಳು ಡಬ್ಬಿಯನ್ನು ಕೆಳಗಿನಿಂದ ಸೇರಬೇಕು, ಮೇಲಿನಿಂದಲ್ಲ. ಸೇರುವ ಮೊದಲು ತಂತಿ ಸ್ವಲ್ಪ ಕೆಳಕ್ಕೆ ಜೋತು ಮತ್ತೆ ಮೇಲೇರಿದರೆ ಅದರ ಮೇಲೆ ಹರಿದು ಬಂದ ನೀರು ಆ ಜೋತಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ತಂತಿ ಬರುವ ಪೈಪಿನ ಬಾಯಿಯನ್ನು ಸೀಲ್ ಮಾಡಿಸಿ. ಟ್ಯಾಂಕಿನ ಕಡೆಯ ತಂಪು ಗಾಳಿ, ಇರುವೆ, ಹಲ್ಲಿ, ಎಲ್ಲವೂ ಅದೇ ದಾರಿಯಲ್ಲಿ ಬರುತ್ತವೆ. ಪ್ಯಾನೆಲ್ಲಿಗೂ ಗೋಡೆಗೂ ನಡುವೆ ಒಂದು ಅಂಗುಲವಾದರೂ ಜಾಗವಿರಲಿ.

ಧೂಳಿನ ವಿಷಯ ಮರೆಯಬಾರದು. ಗಾಳಿಯಿಂದ ಇಳಿದ ಹನಿ ಬಟ್ಟಿ ಇಳಿಸಿದ ನೀರಿನಂತೆ, ಅದೊಂದೇ ಇದ್ದರೆ ಕರೆಂಟನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ಅದು ಧೂಳು, ಹಲ್ಲಿಯ ಹಿಕ್ಕೆ, ಒಣಗಿದ ಹಾಲಿನ ಪುಡಿಯೊಂದಿಗೆ ಸೇರಿ ಕೆಸರಾದಾಗ ಕರೆಂಟಿಗೆ ದಾರಿಯಾಗುತ್ತದೆ. ಮೇ ತಿಂಗಳಲ್ಲಿಯೇ, ಮೇನ್ ಸ್ವಿಚ್ ತೆಗೆದು, ತಂತ್ರಜ್ಞರಿಂದ ಪ್ಯಾನೆಲ್ ಶುಚಿ ಮಾಡಿಸಿಡಿ.

ಈಗ ಮನೆಯ ಕೊಟ್ಟಿಗೆಗೆ ಬರುತ್ತೇನೆ. ಹಾಲು ಕರೆಯುವ ಯಂತ್ರ ಇಟ್ಟುಕೊಂಡವರು ಈಗ ಹಳ್ಳಿ ಹಳ್ಳಿಯಲ್ಲಿದ್ದೀರಿ. ದೊಡ್ಡ ಮಿಶ್ರತಳಿ ಹಸುವೊಂದು ಉಸಿರಿನಿಂದಲೂ ಮೈಯಿಂದಲೂ ದಿನಕ್ಕೆ ಸುಮಾರು ಹತ್ತು ಲೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ಐದು ಹಸು ಕಟ್ಟಿ, ಚಳಿಯೆಂದು ಸುತ್ತ ಟಾರ್ಪಾಲು ಬಿಟ್ಟ ಕೊಟ್ಟಿಗೆಯಲ್ಲಿ ಬೆಳಗಿನ ಜಾವ ತಗಡಿನ ಮಾಡಿನಿಂದ ಹನಿ ಉದುರುವುದು ಅದರಿಂದಲೇ. ಗಂಜಲದಿಂದ ಏಳುವ ಅಮೋನಿಯಾ ಅದರೊಂದಿಗೆ ಸೇರಿ ಸ್ಟಾರ್ಟರಿನ ತಾಮ್ರವನ್ನು ಹಸಿರು ಕಿಲುಬಿಗೆ ತಿರುಗಿಸುತ್ತದೆ.

ಹೀಗೊಂದು ಕೊಟ್ಟಿಗೆಯಲ್ಲಿ ಸತ್ತ ಹಸುವಿನ ಪರೀಕ್ಷೆ ಮಾಡಿದ್ದೇನೆ. ಎರಡನೇ ಸೂಲು, ಕರು ಹಾಕಿ ಎರಡು ತಿಂಗಳು. ಸ್ಟಾರ್ಟರ್ ಡಬ್ಬಿಯನ್ನು ಹಸು ಕಟ್ಟುವ ಕಬ್ಬಿಣದ ಪೈಪಿಗೇ ಬಿಗಿದಿದ್ದರು. ಅರ್ಥಿಂಗ್ ತಂತಿ ಇತ್ತು, ಆದರೆ ಅದು ಯಾವುದಕ್ಕೂ ಸೇರಿರಲಿಲ್ಲ. ಡಬ್ಬಿಯೊಳಗಿನ ಒದ್ದೆ ಧೂಳಿನ ಮೂಲಕ ಕರೆಂಟು ತಗಡಿಗೆ, ತಗಡಿನಿಂದ ಪೈಪಿಗೆ, ಪೈಪಿನಿಂದ ಸರಪಳಿಗೆ, ಅಲ್ಲಿಂದ ಕುತ್ತಿಗೆಗೆ ಬಂದಿತ್ತು. ಹಸು ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತಿರುತ್ತದೆ, ಕುತ್ತಿಗೆಯಿಂದ ಹಿಂಗಾಲಿಗೆ ಹೋಗುವ ಕರೆಂಟಿನ ದಾರಿಯಲ್ಲಿ ಹೃದಯ ಸಿಗುತ್ತದೆ. ಮನುಷ್ಯನಿಗೆ ಜುಮ್ಮೆನ್ನುವಷ್ಟು ಕರೆಂಟು ಹಸುವಿಗೆ ಪ್ರಾಣಾಂತಿಕವಾಗಬಹುದು. ಆ ಮನೆಯ ತಾಯಿ ಎಂಟು ದಿನದಿಂದ "ಹಸು ಕರೆಯಲು ನಿಲ್ಲುತ್ತಿಲ್ಲ, ಬಾನಿಯ ನೀರು ಮುಟ್ಟುತ್ತಿಲ್ಲ, ದೃಷ್ಟಿಯಾಗಿದೆ" ಎಂದು ಅಂದುಕೊಂಡಿದ್ದರಂತೆ. ಹಾಲು ಬಿಡದೆ ಒದೆಯುವ, ಕಬ್ಬಿಣದ ಬಾನಿಯ ಹತ್ತಿರ ಹೋಗಿ ಮೂತಿ ಹಿಂದಕ್ಕೆಳೆಯುವ ಹಸುವನ್ನು ಕಂಡರೆ ಮೊದಲು ಮೇನ್ ಸ್ವಿಚ್ ತೆಗೆಯಿರಿ, ಆಮೇಲೆ ನನಗೆ ಹೇಳಿಕಳಿಸಿ.

ಸ್ಟಾರ್ಟರನ್ನು ಕೊಟ್ಟಿಗೆಯ ಹೊರಗೆ, ಮರದ ಹಲಗೆಯ ಮೇಲೆ, ಮಳೆ ಬೀಳದ ಗೋಡೆಯಲ್ಲಿ ಕೂರಿಸಿ. ಎಂ.ಸಿ.ಬಿ. ಇದೆಯಲ್ಲ ಎಂದು ಧೈರ್ಯ ಪಡಬೇಡಿ. ಅದು ಬೀಳುವುದು ಬಹಳ ಕರೆಂಟು ಹರಿದಾಗ, ಹಸುವನ್ನೋ ಮನುಷ್ಯರನ್ನೋ ಕೊಲ್ಲಲು ಅಷ್ಟು ಬೇಕಾಗಿಲ್ಲ. ಸೋರುವ ಕರೆಂಟನ್ನು ಗುರುತಿಸಿ ಬೀಳುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಬೇರೆಯೇ ಇದೆ, ಅದನ್ನು ಹಾಕಿಸಿ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಮಳೆಗಾಲದಲ್ಲಿ ಅದು ಪದೇ ಪದೇ ಬೀಳುತ್ತದೆಂದು ನೇರ ತಂತಿ ಕೊಡಿಸುವವರಿಗೆ ನಾನು ಹೇಳುವುದಿಷ್ಟೇ, ಅದು ಬೀಳುವುದು ಕೆಟ್ಟಿರುವುದರಿಂದಲ್ಲ, ಎಲ್ಲೋ ಸೋರುತ್ತಿರುವುದರಿಂದ.

ಗರ್ಭಧಾರಣೆ ಕಾರ್ಯಕರ್ತರು ಇಲ್ಲಿ ಇರುವುದರಿಂದ ದ್ರವ ಸಾರಜನಕದ ಜಾಡಿಯ ಬಗ್ಗೆಯೂ ಎರಡು ಮಾತು. ಅದರೊಳಗೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಂಪು. ಆದರೂ ಒಳ್ಳೆಯ ಜಾಡಿಯ ಹೊರಮೈ ಜುಲೈಯಲ್ಲಿಯೂ ಒಣಗಿಯೇ ಇರುತ್ತದೆ, ಏಕೆಂದರೆ ಎರಡು ಗೋಡೆಗಳ ನಡುವೆ ಗಾಳಿಯನ್ನೇ ತೆಗೆದಿರುತ್ತಾರೆ. ಜಾಡಿಯ ಮೈ ಬೆವರಿದರೆ ಅಥವಾ ಬಿಳಿ ಮಂಜು ಹಿಡಿದರೆ ಆ ನಿರ್ವಾತ ಹೋಯಿತೆಂದು ತಿಳಿಯಿರಿ. ಒಳಗಿನ ವೀರ್ಯ ಕಡ್ಡಿಗಳನ್ನು ಅದೇ ಹೊತ್ತಿನಲ್ಲಿ ಬೇರೆ ಜಾಡಿಗೆ ಬದಲಾಯಿಸಿ, ನಾಳೆಗೆ ಬಿಡಬೇಡಿ. ಇದೇ ತೇವ ನಮಗೆ ಉಪಕಾರವನ್ನೂ ಮಾಡುತ್ತದೆ. ಅಳತೆಯ ಕಡ್ಡಿಯನ್ನು ಜಾಡಿಯಲ್ಲಿ ಅದ್ದಿ ತೆಗೆದು ಗಾಳಿಯಲ್ಲಿ ಆಡಿಸಿದರೆ ದ್ರವ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಮಂಜು ಕಟ್ಟಿ ಮಟ್ಟ ತೋರಿಸುತ್ತದೆ. ಟೊಳ್ಳು ಕಡ್ಡಿ ಮಾತ್ರ ಬಳಸಬೇಡಿ, ದ್ರವ ಮೇಲಕ್ಕೆ ಚಿಮ್ಮಿ ಕೈ ಸುಡುತ್ತದೆ.

ಹಾಲು ಪರೀಕ್ಷೆಯ ಯಂತ್ರ, ವಿದ್ಯುತ್ ತಕ್ಕಡಿ, ಕಂಪ್ಯೂಟರ್ ಇವುಗಳನ್ನು ಎ.ಸಿ. ಕೋಣೆಯಿಂದಲೋ ತಣ್ಣನೆಯ ವಾಹನದಿಂದಲೋ ತಂದ ಕೂಡಲೇ ಆನ್ ಮಾಡಬೇಡಿ. ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಒಂದು ಗಂಟೆಯಾದರೂ ಬಿಡಿ. ಇವುಗಳ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಇಡುವುದಾದರೆ ಪೆಟ್ಟಿಗೆ ಬಿಗಿಯಾಗಿ ಮುಚ್ಚುವಂತಿರಲಿ, ತೆರೆದ ಕೋಣೆಯಲ್ಲಿ ಅದು ಒಂದೇ ದಿನದಲ್ಲಿ ಸೋಲುತ್ತದೆ. ನೀಲಿ ಹರಳನ್ನು ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಅದರ ಬಣ್ಣದಲ್ಲಿ ಕೋಬಾಲ್ಟ್ ಎಂಬ ವಿಷವಸ್ತು ಇರುವುದರಿಂದ ಅಡುಗೆಯ ಬಾಣಲೆಯಲ್ಲಿ ಹುರಿಯಬಾರದು. ಮಕ್ಕಳ ಕೈಗೂ ಕೊಡಬೇಡಿ.

ಪ್ಯಾನೆಲ್ಲಿನ ಗಾಜಿನ ಒಳಗೆ ಹನಿ ಕಂಡರೆ ಬಾಗಿಲು ತೆರೆಯಬೇಡಿ, ಬಟ್ಟೆಯಿಂದ ಒರೆಸಲು ಹೋಗಬೇಡಿ. ಚಪ್ಪಲಿ ಮೆಟ್ಟಿಕೊಂಡು, ಒಣಗಿದ ಕೈಯಿಂದ, ದೂರದ ಮೇನ್ ಸ್ವಿಚ್ ತೆಗೆಯಿರಿ. ಒಕ್ಕೂಟದ ತಂತ್ರಜ್ಞರಿಗೆ ಫೋನ್ ಮಾಡಿ, ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇದೆ, ಹಾಲಿನ ಉಷ್ಣಾಂಶ ಈಗ ಎಷ್ಟಿದೆ ಎಂಬುದನ್ನೂ ಅದೇ ಕರೆಯಲ್ಲಿ ತಿಳಿಸಿ. 4 ಡಿಗ್ರಿಗೆ ಇಳಿದ ಹಾಲಾದರೆ ಮುಚ್ಚಳ ತೆರೆಯದೆ ಇಟ್ಟಲ್ಲಿ ಕೆಲವು ಗಂಟೆ ತಡೆಯುತ್ತದೆ. ಆಗತಾನೇ ಸುರಿದ ಬೆಚ್ಚನೆಯ ಹಾಲಾದರೆ ತಡೆಯುವುದಿಲ್ಲ, ಟ್ಯಾಂಕರನ್ನು ಮೊದಲೇ ಕರೆಸಬೇಕಾಗುತ್ತದೆ. ಈ ನಿರ್ಧಾರಕ್ಕೆ ಉಷ್ಣಾಂಶದ ಅಂಕಿ ಬೇಕೇ ಬೇಕು. ಆದ್ದರಿಂದ ಪ್ರತಿ ಹೊತ್ತಿನ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ, ಅದರ ಪಕ್ಕದಲ್ಲಿಯೇ ಕೋಣೆಯ ತೇವಾಂಶಕ್ಕೂ ಒಂದು ಕಾಲಂ ಹಾಕಿಕೊಳ್ಳಿ.

ಈಗ ಪ್ರಶ್ನೆಗಳಿದ್ದರೆ ಕೇಳಬಹುದು. ಕೆಚ್ಚಲು ಬಾವಿನ ಪ್ರಶ್ನೆಯಾದರೂ ಅಡ್ಡಿಯಿಲ್ಲ.